ಬಚ್ಚಲಿನಲ್ಲಿ ಅರ್ಧ ಗಂಟೆ

ನನ್ನ ಸ್ನಾನ ಏಳು ನಿಮಿಷದ್ದು. ಅದರಲ್ಲಿ ಮೂರು ನಿಮಿಷ ಮೈಮೇಲೆ ನೀರು ಹಾಕಿಕೊಳ್ಳುವುದಕ್ಕೆ, ಉಳಿದ ನಾಲ್ಕು ಬಾಗಿಲಿನಾಚೆ ನಿಂತವರಿಗೆ ಉತ್ತರ ಕೊಡುವುದಕ್ಕೆ. ಇಂಗು ಯಾವ ಡಬ್ಬಿಯಲ್ಲಿದೆ, ಗ್ಯಾಸಿನವನಿಗೆ ಯಾವ ಓಟಿಪಿ ಹೇಳಬೇಕು, ಕುಕ್ಕರಿಗೆ ಎಷ್ಟು ಸೀಟಿ ಆಗಬೇಕು, ಇವೆಲ್ಲ ನಾನು ಮುಖಕ್ಕೆ ಸೋಪು ಹಚ್ಚಿಕೊಂಡ ಮೇಲೆಯೇ ನಮ್ಮ ಮನೆಯವರಿಗೆ ತುರ್ತಾಗುವ ಸಂಗತಿಗಳು. ಕಣ್ಣು ಮುಚ್ಚಿಕೊಂಡು, ಬಾಯೊಳಗೆ ನೊರೆ ಹೋಗದಂತೆ ನೋಡಿಕೊಂಡು, "ಮ್ಯಾಲಿನ ಫಳಿ, ಎಡಗಡೆ" ಎಂದು ಕೂಗುವುದರಲ್ಲಿ ನಾನು ಪಳಗಿದ್ದೇನೆ. ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನಲ್ಲಿ ಕೂಡ ಅಷ್ಟು ಚುರುಕಾಗಿ ನಾನು ಯಾರಿಗೂ ಉತ್ತರ ಕೊಟ್ಟಿಲ್ಲ.

ಇದನ್ನು ನಾಸಿಕದಲ್ಲಿ ಕುಳಿತು ಹೇಳಿಕೊಳ್ಳುವುದಕ್ಕೆ ಸ್ವಲ್ಪ ನಾಚಿಕೆ. ಸ್ನಾನಕ್ಕೆಂದೇ ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಬರುವ ಊರು ಇದು. ಗೋದಾವರಿಯಲ್ಲಿ ಸೊಂಟದವರೆಗೆ ಇಳಿದು, ಕೈಮುಗಿದು, ಎಷ್ಟೋ ಹೊತ್ತು ನಿಂತೇ ಇರುತ್ತಾರೆ. ಅವರನ್ನು ಯಾರೂ ಇಂಗು ಕೇಳುವುದಿಲ್ಲ. ಇಲ್ಲಿಯ ಶಾಖೆಗೆ ವರ್ಗವಾಗಿ ಬರುವ ಮೊದಲು ಮೂರು ವರ್ಷ, ಮನೆಯವರನ್ನು ಇಲ್ಲೇ ಬಿಟ್ಟು, ನಾನು ಸಂಭಾಜಿನಗರದ ಶಾಖೆಯಲ್ಲಿದ್ದೆ, ಬಾಡಿಗೆಯ ಒಂದು ಕೋಣೆಯಲ್ಲಿ, ಒಬ್ಬಳೇ. ಅಲ್ಲಿ ಬಾಗಿಲು ಬಡಿಯುವವರು ಇರಲಿಲ್ಲ, ಆದರೆ ನೀರೂ ಇರಲಿಲ್ಲ. ನಲ್ಲಿ ಬರುವ ದಿನವನ್ನು ಹಬ್ಬದ ದಿನದ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆವು. ನಾಲ್ಕು ನೂರು ವರ್ಷದ ಹಿಂದೆ ಬೆಟ್ಟದ ಬುಡದಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದ ಊರು ಅದು, ಆ ನೀರಿನ ಬಲದಿಂದ ತಿರುಗುತ್ತಿದ್ದ ಬೀಸುವ ಕಲ್ಲನ್ನು ಇವತ್ತಿಗೂ ಜನ ಟಿಕೀಟು ಕೊಂಡು ನೋಡುತ್ತಾರೆ. ನಾನೂ ನೋಡಿದೆ. ನೋಡಿ ಬಂದು ಅರ್ಧ ಬಕೀಟು ನೀರಿನಲ್ಲಿ ಸ್ನಾನ ಮಾಡಿದೆ.

ಹೋದ ಚಳಿಗಾಲದಲ್ಲಿ ನಮ್ಮ ಮ್ಯಾನೇಜರರ ನಿವೃತ್ತಿಯ ಊಟ ದಿಂಡೋರಿಯ ಹತ್ತಿರ, ದ್ರಾಕ್ಷಿ ತೋಟದೊಳಗಿನ ಒಂದು ರೆಸಾರ್ಟಿನಲ್ಲಿತ್ತು. ಊಟದ ಜೊತೆ ಹೆಂಗಸರಿಗೆಲ್ಲ ಸ್ಪಾದ ಕೂಪನ್ನು, ಅರ್ಧ ಗಂಟೆಯದು. ಮಬ್ಬು ಬೆಳಕಿನ ಕೋಣೆಯಲ್ಲಿ ಬಿಸಿನೀರಿನ ಬೋಗುಣಿಯೊಳಗೆ ಕಾಲಿಟ್ಟು ಕುಳಿತೆ. ಒಬ್ಬ ಹುಡುಗಿ ದ್ರಾಕ್ಷಿ ಬೀಜದ ಪುಡಿಯಿಂದ ಹಿಮ್ಮಡಿ ತಿಕ್ಕಿ, ಮಾತಿಲ್ಲದೆ ಹೊರಗೆ ಹೋದಳು. ಮೊದಲ ಐದು ನಿಮಿಷ ಯಾರಾದರೂ ಕರೆಯುತ್ತಾರೆಂದು ಕಿವಿಗೊಟ್ಟು ಕಾದೆ. ಯಾರೂ ಕರೆಯಲಿಲ್ಲ. ಆಮೇಲೆ ಕಾರಣವಿಲ್ಲದೆ ಅಳು ಬಂತು. ಅಳುವಷ್ಟು ದುಃಖ ನನಗೇನೂ ಇಲ್ಲ, ದಣಿವು ಮಾತ್ರ ಇತ್ತೆಂದು ಕಾಣುತ್ತದೆ. ಇಂಥ ಅರ್ಧ ಗಂಟೆ ನನಗೆ ವಾರಕ್ಕೊಂದು ಬೇಕೇ ಬೇಕು, ಅದು ನನ್ನ ಮನೆಯ ಬಚ್ಚಲಿನಲ್ಲೇ ಆಗಬೇಕು ಎಂದು ಕಾಲು ಒರೆಸಿಕೊಳ್ಳುವಷ್ಟರಲ್ಲಿ ನಿಶ್ಚಯ ಮಾಡಿದ್ದೆ.

ಮನೆಗೆ ಬಂದು ಹೇಳಿದರೆ ನಮ್ಮವರು ನಕ್ಕರು. "ನಾಲ್ಕು ಬೈ ಆರು ಐತಿ. ನೆಟ್ಟಗ ನಿಂತ್ರ ಮೊಣಕೈ ಬಡೀತೈತಿ. ಇದರಾಗ ಸ್ಪಾ ಎಲ್ಲಿ ಹಿಡೀತೈತಿ?" ಎಂದರು. ಅವರು ಓಝರಿನ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಶಿಯನ್, ಅಳತೆಯಲ್ಲಿ ಅವರ ಜೊತೆ ವಾದ ಮಾಡುವ ಹಾಗಿಲ್ಲ. ನಾನು ವಾದ ಮಾಡಲಿಲ್ಲ. ಮರುದಿನವೇ ಕೆಲಸ ಶುರು ಮಾಡಿದೆ.

ಅಂಬಡದ ಕಾರ್ಖಾನೆಗಳ ಹಿಂದೆ ಸಾಮಾನು ಬಂದ ಕಟ್ಟಿಗೆಯ ಹಲಗೆಗಳನ್ನು ಗುಜರಿಯವರು ರಾಶಿ ಹಾಕಿರುತ್ತಾರೆ. ಅವುಗಳಲ್ಲಿ ನಾಲ್ಕನ್ನು ಆಟೋದಲ್ಲಿ ಹೇರಿಕೊಂಡು ಬಂದು, ಬಡಗಿಯಿಂದ ಕಾಲಡಿಗೆ ಜಾಲರಿ ಹಲಗೆ, ಕೂರುವುದಕ್ಕೆ ಒಂದು ಅಗಲವಾದ ಮಣೆ ಮಾಡಿಸಿದೆ. ಕಣ್ಣಿಗೆ ಚುಚ್ಚುವ ಟ್ಯೂಬ್‌ಲೈಟು ತೆಗೆಸಿ ಹಳದಿ ಬಲ್ಬು ಹಾಕಿಸಿದೆ. ಲಾವಂಚದ ಬೇರಿನ ಒಂದು ಕಟ್ಟನ್ನು ಬಿಸಿನೀರಿನ ಬಕೀಟಿನಲ್ಲಿ ಇಳಿಬಿಟ್ಟೆ. ಆ ದ್ರಾಕ್ಷಿ ತೋಟದಿಂದ ತಂದ ಖಾಲಿ ವೈನ್ ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟೆ. ನಮ್ಮ ಅತ್ತೆ ಆ ಬಾಟಲಿಯನ್ನು ಹುಣಸೆಹುಳಿ ಹಚ್ಚಿ ಮೂರು ಸಲ ತೊಳೆದು, ನಾಲ್ಕನೆಯ ಸಲ ಗೋದಾವರಿಯ ನೀರು ಹಾಕಿದ ಮೇಲೆಯೇ ಗಿಡಕ್ಕೆ ಒಳಗೆ ಪ್ರವೇಶ ಸಿಕ್ಕಿತು. ನಕ್ಕಿದ್ದ ನಮ್ಮವರು ಕಡೆಗೆ ತಡೆಯಲಾರದೆ ಲೆವೆಲ್ ಪಟ್ಟಿ ತಂದು, ಶೆಲ್ಫು ಎರಡು ಮಿಲಿಮೀಟರ್ ಓರೆಯಾಗಿದೆಯೆಂದು ಮೂರು ಸಲ ಬಿಚ್ಚಿ ಕೂರಿಸಿದರು. ಶಾಂಪೂ ಬಾಟಲಿ ಇಡುವ ಶೆಲ್ಫು ಅದು, ಅದರ ಮೇಲಿಂದ ಯಾವ ವಿಮಾನವೂ ಏರಬೇಕಾಗಿರಲಿಲ್ಲ. ಒಟ್ಟು ಖರ್ಚು ಆ ರೆಸಾರ್ಟಿನ ಒಂದು ಸಲದ ಸ್ಪಾಕ್ಕಿಂತ ಕಡಿಮೆ. ಬಾಗಿಲು ತೆರೆದು ನೋಡಿದಾಗ ನನಗೇ ಹೆಮ್ಮೆಯಾಯಿತು.

ಬಚ್ಚಲು ಚೆಂದವಾದರೆ ಅದು ಎಲ್ಲರಿಗೂ ಚೆಂದವಾಗಿ ಕಾಣುತ್ತದೆಂಬ ಸರಳ ವಿಷಯ ನನಗೆ ಹೊಳೆದಿರಲಿಲ್ಲ. ಮೊದಲ ಭಾನುವಾರ ಹತ್ತು ಗಂಟೆಗೆ ಟವೆಲ್ಲು ಹಿಡಿದು ಹೋದರೆ ಒಂಬತ್ತನೆಯ ತರಗತಿಯ ಮಗಳು ಮಾನಸಿ ಒಳಗೆ. "ಮಮ್ಮಾ, ಪಾಚ್ ಮಿನಿಟ್ ಥಾಂಬ್ ನಾ. ಲೈಟ್ ಭಾರೀ ಐತಿ," ಎಂದಳು. ಐದು ನಿಮಿಷ ನಿಲ್ಲೆಂದು ಮರಾಠಿಯಲ್ಲಿ ಹೇಳಿದವಳು ಮೈಮೇಲೆ ಒಂದು ಹನಿ ನೀರು ಬೀಳದೆ ಮುಕ್ಕಾಲು ಗಂಟೆ ಫೋಟೊ ತೆಗೆದುಕೊಂಡಳು. ಎರಡನೆಯ ಭಾನುವಾರ ನಮ್ಮವರು ಮಣೆಯ ಮೇಲೆ ಕುಳಿತು ಕಾಲಿನ ಉಗುರು ಕತ್ತರಿಸಿ, ಪೇಪರು ಓದಿ, ನೀರು ಹರಿದುಹೋಗುವ ಇಳಿಜಾರು ಸಾಲದೆಂಬ ವರದಿಯೊಂದಿಗೆ ಹೊರಗೆ ಬಂದರು. ಅಷ್ಟರಲ್ಲಿ ನನ್ನ ಅಡುಗೆಯ ಹೊತ್ತಾಗಿತ್ತು. ನನಗೆ ಸಿಕ್ಕಿದ್ದು ಅದೇ ಏಳು ನಿಮಿಷ, ಹಳದಿ ಬೆಳಕಿನಲ್ಲಿ.

ಯೋಚಿಸಿದರೆ, ಸ್ನಾನದ ಏಕಾಂತ ನಮ್ಮಲ್ಲಿ ಯಾರಿಗೆ ತಾನೇ ಇತ್ತು? ಸಂಭಾಜಿನಗರದಲ್ಲಿದ್ದಾಗ ಅಜಂತಾಕ್ಕೆ ಹೋಗಿದ್ದೆ. ಮೊದಲನೆಯ ಗುಹೆಯ ಗೋಡೆಯ ಮೇಲೆ ಒಬ್ಬ ರಾಜನಿಗೆ ಸ್ನಾನ ಮಾಡಿಸುವ ಚಿತ್ರವಿದೆ. ತಲೆಯ ಮೇಲೆ ಕೊಡ ಬಗ್ಗಿಸುವವರು, ತಟ್ಟೆ ಹಿಡಿದವರು, ಸುಮ್ಮನೆ ನಿಂತು ನೋಡುವವರು, ಎಲ್ಲ ಸೇರಿ ಅಲ್ಲೊಂದು ಸಣ್ಣ ಸಂತೆಯೇ ನೆರೆದಿದೆ. ಪಾಪ, ಆ ರಾಜನ ಮುಖದಲ್ಲೂ ನನ್ನದೇ ದಣಿವು ಕಂಡಿತ್ತು. ನಮ್ಮ ಕಡೆಯ ಹಳೆಯ ಮನೆಗಳಲ್ಲಂತೂ ಬಚ್ಚಲು ಇರುತ್ತಿದ್ದದ್ದೇ ಅಡುಗೆಮನೆಯ ಮೂಲೆಯಲ್ಲಿ. ಮೈಮೇಲೆ ನೀರು ಹಾಕಿಕೊಳ್ಳುತ್ತಲೇ ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳಬೇಕು. ಅದನ್ನು ಕಟ್ಟಿದವನು ಜಾಣನೇ ಇರಬೇಕು, ಹೆಂಗಸಂತೂ ಆಗಿರಲಿಕ್ಕಿಲ್ಲ.

ಆದರೂ ನಾನು ಬಿಡುವವಳಲ್ಲ. ಮೂರನೆಯ ಶನಿವಾರ ರಾತ್ರಿಯ ಊಟಕ್ಕೆ ಕುಳಿತಾಗ ಎಲ್ಲರೆದುರು ಹೇಳಿದೆ, ನಾಳೆ ಹತ್ತರಿಂದ ಹತ್ತೂವರೆಯ ತನಕ ಬಚ್ಚಲು ನನ್ನದು, ಆಕಾಶ ಬಿದ್ದರೂ ನನ್ನದು. ಎಲ್ಲರೂ ತಲೆ ಆಡಿಸಿದರು. ಭಾನುವಾರ ಒಂಬತ್ತೂವರೆಗೇ ನೀರಿಗೆ ಲಾವಂಚ ಹಾಕಿ, ಗೀಜರ್ ಹಚ್ಚಿ, ಟವೆಲ್ಲು ತರಲು ಹೋಗಿ ಬರುವಷ್ಟರಲ್ಲಿ ಅತ್ತೆ ಬಚ್ಚಲಿನ ಹೊಸ್ತಿಲಲ್ಲಿದ್ದರು. "ಒಂದೀಟು ನೀರು ಹಾಕ್ಕೊಂಡು ಬಂದುಬಿಡ್ತೇನವಾ. ಎರಡ ತಂಬಗಿ," ಎಂದರು. ಅವರ ಸ್ನಾನ ನಿಜವಾಗಿಯೂ ಎರಡು ತಂಬಿಗೆಯದೇ. ಇಪ್ಪತ್ತು ವರ್ಷದಿಂದ ನೋಡಿದ್ದೇನೆ, ಒಳಗೆ ಹೋದದ್ದು ಗೊತ್ತಾಗುವುದರೊಳಗೆ ಹೊರಗೆ ಬಂದಿರುತ್ತಾರೆ. ಆಗಲಿ ಎಂದೆ. ಎರಡು ತಂಬಿಗೆಗೆ ಕಾದಷ್ಟು ನೀರು ಸಾಕೆಂದು ಗೀಜರ್ ಆರಿಸಿದೆ.

ಹತ್ತು ನಿಮಿಷವಾಯಿತು. ಹದಿನೈದಾಯಿತು. ಒಂದು ತಂಬಿಗೆ ನೀರು ಬೀಳುವ ಸಪ್ಪಳ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಒಂದು ತಂಬಿಗೆ. ನಾನು ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿನೆದುರು ನಿಂತಿದ್ದೆ. ಹತ್ತು ಗಂಟೆ ದಾಟಿತು. ನನ್ನ ಲಾವಂಚ, ನನ್ನ ಬಿಸಿನೀರು, ನನ್ನ ಅರ್ಧ ಗಂಟೆ ಎಲ್ಲ ಆ ಬಾಗಿಲಿನ ಹಿಂದೆ ಹರಿದುಹೋಗುತ್ತಿದ್ದವು. ಸಿಟ್ಟು ನೆತ್ತಿಗೇರಿತು. ಬಡಿಯುವುದಕ್ಕೆ ಕೈ ಎತ್ತಿದೆ. "ಆತಿಲ್ರಿ?" ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು.

ಇಷ್ಟು ವರ್ಷ ನಾನು ಒಳಗಿನಿಂದ ಕೇಳಿದ ಮಾತು ಅದು. ಹೊರಗಿನಿಂದ ಹೇಳಲು ಹೊರಟವಳು ನಾನೇ. ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ, ಸಿಟ್ಟೂ ಪೂರ್ತಿ ಇಳಿದಿರಲಿಲ್ಲ. ಗೀಜರಿನ ಸ್ವಿಚ್ಚು ನಮ್ಮಲ್ಲಿ ಬಾಗಿಲಿನ ಹೊರಗೆ ಇದೆ. ಎತ್ತಿದ ಕೈಯನ್ನು ಅದರ ಮೇಲಿಟ್ಟು, ಆರಿಸಿದ್ದ ಸ್ವಿಚ್ಚನ್ನು ಮತ್ತೆ ಹಚ್ಚಿ, ಹೋಗಿ ಬೇಳೆಗೆ ಒಗ್ಗರಣೆ ಹಾಕಿದೆ.

ಅತ್ತೆ ಹೊರಗೆ ಬಂದಾಗ ಹತ್ತು ಮುಕ್ಕಾಲು. ಬಿಳಿ ಕೂದಲು ಬಿಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮುಖ ಕೆಂಪಾಗಿ, ಹತ್ತು ವರ್ಷ ಸಣ್ಣವರಾದಂತಿದ್ದರು. "ಆವಾಗ ನಮ್ಮ ಮನ್ಯಾಗ ಹದಿನಾಲ್ಕು ಮಂದಿ, ಬಚ್ಚಲಾ ಒಂದ," ಎಂದರು, ನಾನು ಏನೂ ಕೇಳದಿದ್ದರೂ. "ನನ್ನ ಹಿಂದ ಯಾರರ ನಿಂತಿರೂದ. ಅದ ರೂಢಿ ಬಿದ್ದಬಿಟ್ಟಿತ್ತವಾ. ಇವತ್ತ ನನ್ನ ಬೆನ್ನು ಪೂರಾ ತೋದದ್ದು ನೋಡು."

"ನಾನೂ ನಿಂತಿದ್ದೆ ಅತ್ತಿ," ಎಂದೆ. "ಬಾಗಲಾ ಬಡ್ಯಾಕಿ ಇದ್ದೆ."

"ಗೊತ್ತೈತಿ. ಬಾಗಲ ಕೆಳಗ ನಿನ್ನ ಕಾಲು ಕಂಡೂವು. ಇನ್ನ ಬಡೀತಾಳ ಅಂತ ತಂಬಗಿ ಕೆಳಗಿಟ್ಟೆ." ಕೂದಲ ತುದಿ ಹಿಂಡುತ್ತ, "ನೀರು ಮತ್ತ ಬಿಸಿ ಬಂತು," ಎಂದು ಒಣಗಿಸಿಕೊಳ್ಳಲು ಗ್ಯಾಲರಿಯ ಬಿಸಿಲಿಗೆ ಹೋದರು. ಆ ದಿನ ನನ್ನ ಸ್ನಾನ ಐದು ನಿಮಿಷದಲ್ಲಿ ಮುಗಿಯಿತು, ತಣ್ಣೀರಿನಲ್ಲಿ.

ಮರುವಾರ ನಾನು ಯಾರಿಗೂ ಏನೂ ಘೋಷಿಸಲಿಲ್ಲ. ಹತ್ತು ಗಂಟೆಗೆ ಅತ್ತೆಯೇ, "ಏಳು, ಹೋಗು," ಎಂದು ಟವೆಲ್ಲು ತಂದು ಕೈಗಿತ್ತರು. ಒಳಗೆ ಹೋಗಿ ಚಿಲಕ ಹಾಕಿದ ಮೇಲೆ ಹೊರಗೆ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದ ಸಪ್ಪಳವಾಯಿತು. ಮೆಂತ್ಯದ ಸೊಪ್ಪು ಬಿಡಿಸುತ್ತ ಅವರು ಬಾಗಿಲಿಗೆ ಅಡ್ಡವಾಗಿ ಕುಳಿತದ್ದು ನನಗೆ ತಿಳಿಯಿತು. ತಲೆಗೆ ಎಣ್ಣೆ ಹಚ್ಚಿ, ಮಣೆಯ ಮೇಲೆ ಕುಳಿತು, ಮೊದಲ ತಂಬಿಗೆ ಸುರಿದುಕೊಂಡು, ಇನ್ನೇನು ಕಣ್ಣು ಮುಚ್ಚಬೇಕು, ಆಗ ನಮ್ಮವರ ಹೆಜ್ಜೆ ಕೇಳಿಸಿತು.

"ಅವ್ವಾ, ಗಾಡಿ ಚಾವಿ ಎಲ್ಲಿಟ್ಟಾಳ ಕೇಳು."

"ಆಕಿ ಮನ್ಯಾಗಿಲ್ಲ," ಎಂದರು ಅತ್ತೆ.

"ಒಳಗ ನೀರಿನ ಸಪ್ಪಳ ಬರಾಕತ್ತೈತೆಲ್ಲ?"

"ನಳಾ ಬಂದ್ ಮಾಡೂದು ಮರತು ಹೋಗ್ಯಾಳ. ಹತ್ತೂವರಿಗೆ ಬರ್ತಾಳ."

ಹೆಜ್ಜೆಗಳು ವಾಪಸು ಹೋದವು. ಮನೆಯಲ್ಲಿಲ್ಲದ ನಾನು ಉಸಿರು ಬಿಗಿಹಿಡಿದು ನಕ್ಕು, ಇನ್ನೊಂದು ತಂಬಿಗೆ ತುಂಬಿಕೊಂಡು, ನಿಧಾನವಾಗಿ, ಬೆನ್ನು ಪೂರ್ತಿ ತೋಯುವ ಹಾಗೆ ಸುರಿದುಕೊಂಡೆ.