ಹಳೆಯ ದನಿಗೆ ಒಂದು ಸಾಲು

ಗಂಗಾನಗರದ ಕಾಲ್ ಸೆಂಟರೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಉಳಿದ ಹೊತ್ತೆಲ್ಲ ಬೇರೆಯವರ ದನಿಯನ್ನು ಅನುಕರಿಸಿ ನಗಿಸುವುದು. ಮ್ಯಾನೇಜರ್ ಕೆಮ್ಮು, ಟೀ ತರುವವರ ಕೂಗು, ರಜೆ ಕೇಳಲು ಹೋಗಿ ಟ್ರಾಫಿಕ್ ಬಗ್ಗೆ ಮಾತಾಡಿ ವಾಪಸ್ಸು ಬರುವ ನನ್ನದೇ ದನಿ, ಎಲ್ಲವೂ ಬರುತ್ತಿತ್ತು.

ಪಕ್ಕದ ಸೀಟಿನ ಅಣ್ಣ ಚಿಕ್ಕಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಒಂದು ಕಿವಿಯಲ್ಲಿ ನೀರಿನ ಫಿಲ್ಟರ್ ಕೆಟ್ಟವರ ಗೋಳು, ಇನ್ನೊಂದರಲ್ಲಿ ಪರದೆಯನ್ನು ಓದಿ ಹೇಳುವ ಕಂಪ್ಯೂಟರಿನ ದನಿ. ಆ ದನಿಯ ವೇಗ ಎಷ್ಟೆಂದರೆ, ನಮ್ಮ ಕಿವಿಗೆ ಅದು ಸೊಳ್ಳೆಯ ಗುಂಯ್‌ಗುಟ್ಟುವಿಕೆ.

ನಮ್ಮ ಲಿನಕ್ಸ್ ಯಂತ್ರಗಳಿಗೆಲ್ಲ ಒಂದೇ ಸರ್ವರ್. ಅದು ಹೊರಗಿನಿಂದ ಹೊಸ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಹೊಸ ಆವೃತ್ತಿಗಳನ್ನು, ತಂದು ತುಂಬಿಕೊಂಡು, ರಾತ್ರಿ ತಾನೇ ಹಂಚುತ್ತಿತ್ತು. ಒಂದು ಸೋಮವಾರ ಅಣ್ಣನ ಓದುವ ದನಿಗೂ ಹೊಸ ಪ್ಯಾಕೇಜ್ ಬಂತು. ದನಿ ನುಣುಪಾಗಿತ್ತು, ವೇಗ ಏರಿಸಿದರೆ ಮಾತ್ರ ಅಕ್ಷರ ನುಂಗುತ್ತಿತ್ತು.

"ಲೋ ಮಗಾ, ಇವ್ನು ಬಾಯಲ್ಲಿ ಮುದ್ದೆ ಇಟ್ಕೊಂಡು ಓದ್ತಾವ್ನೆ ಕಣೋ!"

ಅಣ್ಣ ಹೀಗಂದರೂ ನನಗೆ ನಗು ಬರಲಿಲ್ಲ. ಮರುದಿನ ಮಧ್ಯಾಹ್ನ ಫಿಲ್ಟರ್ ಕಂಪನಿಯವರು ಬಂದು ನಮ್ಮ ಕರೆಗಳನ್ನು ಕೇಳುವವರಿದ್ದರು. ತಡವರಿಸಿದವರಿಗೆ ಫೋನಿನ ಸೀಟು ಇರುವುದಿಲ್ಲ ಎಂದು ಮೊದಲೇ ಹೇಳಿದ್ದರು.

ಹಳೆಯ ಪ್ಯಾಕೇಜನ್ನು ಮತ್ತೆ ಹಾಕಿಕೊಟ್ಟೆ. ಇನ್ನು ಮೇಲೆ ಆ ಹೊಸದನ್ನು ತರಬೇಡ ಎಂದು ಸರ್ವರಿನಲ್ಲಿ ಬರೆದು, ಕಾಲರ್ ಎತ್ತಿಕೊಂಡು ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಮತ್ತೆ ಮುದ್ದೆ. ಹೊಸದನ್ನು ತರಬೇಡ ಅಂದಿದ್ದೆ, ಸರಿ; ಆಗಲೇ ತಂದಿಟ್ಟದ್ದು ಸರ್ವರಿನಲ್ಲಿ ಹಾಯಾಗಿ ಕೂತಿತ್ತು, ರಾತ್ರಿ ಅದೇ ಹಂಚಿಕೆಯಾಗಿತ್ತು. ಹೊಸದನ್ನು ಹಾಕಿಕೊಳ್ಳಬೇಡ ಎಂಬ ಸಾಲು ಅಣ್ಣನ ಯಂತ್ರದಲ್ಲೂ ಇರಬೇಕಿತ್ತು. ಅದಕ್ಕೆ ಮ್ಯಾನೇಜರ್ ಒಪ್ಪಬೇಕು. ಅವರ ಕೋಣೆಗೆ ಹೋದೆ.

"ಎಲ್ಲಾ ಮಶೀನೂ ಒಂದೇ ಥರ ಇರ್ಬೇಕು ಕಣ್ರೀ. ಇವತ್ತು ಒಬ್ರಿಗೆ ಬಿಟ್ರೆ ನಾಳೆ ಕ್ಯೂ ನಿಲ್ತಾರೆ."

"ಒಂದ್ಸಲ ಕೇಳಿ ಸಾರ್."

ಹಳೆಯದು, ಹೊಸದು ಎರಡೂ ದನಿಗಳನ್ನು ಅವರಿಗೆ ಕೇಳಿಸಿದೆ. ಅವರು ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು. "ಅದೂ ಸೊಳ್ಳೆ, ಇದೂ ಸೊಳ್ಳೆ. ಏನ್ರೀ ವ್ಯತ್ಯಾಸ?"

ಕಂಪನಿಯವರ ಕಾರು ಹೆಬ್ಬಾಳ ಫ್ಲೈಓವರ್ ದಾಟಿದೆ ಎಂದು ಆಗಷ್ಟೇ ಫೋನ್ ಬಂದಿತ್ತು. ಬೇರೆ ದಾರಿ ತೋಚದೆ ನಾನೇ ಯಂತ್ರವಾದೆ. ಮೂಗಿನಲ್ಲಿ, ಹಳೆಯ ದನಿಯಲ್ಲಿ, ನಿಧಾನಕ್ಕೆ: "ಯ-ಲ-ಹಂ-ಕ. ಫಿಲ್ಟರ್ ಸೋ-ರು-ತ್ತಿದೆ." ಆಮೇಲೆ ಹೊಸದು, ಬೆಣ್ಣೆ ಸವರಿದ ಹಾಗೆ: "ಯಂಕ. ಫಿಟ್ ಸೋತಿದೆ."

ಮ್ಯಾನೇಜರ್ ಕೆಮ್ಮಿಗೂ ನಗುವಿಗೂ ನಡುವೆ ಸಿಕ್ಕಿಹಾಕಿಕೊಂಡರು. "ನನ್ ಥರಾನೂ ಮಾಡ್ತೀರಂತೆ?"

"ಛೇ ಛೇ, ಯಾರ್ ಸಾರ್ ಹೇಳಿದ್ದು?"

"ಹೋಗ್ರೀ, ಹಾಕಿ. ಅದೊಂದ್ ಮಶೀನ್‌ಗೆ ಮಾತ್ರ."

ಓಡಿ ಬಂದು ಸಾಲು ಬರೆದೆ, ಹಳೆಯದನ್ನು ಹಾಕಿದೆ. ರಾತ್ರಿಯ ಹಂಚಿಕೆಯನ್ನು ಕೈಯಾರೆ ಒಮ್ಮೆ ನಡೆಸಿ, ಉಗುರು ಕಚ್ಚುತ್ತ ನಿಂತೆ. ಈ ಸಲ ಯಂತ್ರ ಆ ಪ್ಯಾಕೇಜನ್ನು ಬಿಟ್ಟು ಮುಂದೆ ಹೋಯಿತು.

ಕಂಪನಿಯವರು ಕೇಳಲು ಕೂತಾಗ ಅಣ್ಣನಿಗೆ ಬಂದದ್ದು ಬಾಯಿ ಜೋರಿದ್ದ ಹೆಂಗಸೊಬ್ಬರ ಕರೆ. ಆಕೆ ಬೈದು ಮುಗಿಸುವ ಮೊದಲೇ ಯಂತ್ರ ಓದಿ ಹೇಳಿದ ಆಕೆಯ ಹಳೆಯ ದೂರೂ ಮನೆಯ ತಿರುವೂ ಅಣ್ಣನ ಬಾಯಲ್ಲಿದ್ದವು. ಕಂಪನಿಯವರು ಮೆಚ್ಚಿ ತಲೆಯಾಡಿಸಿ ಮುಂದಿನ ಸೀಟಿಗೆ ಹೋದರು.

ಅಣ್ಣ ನನ್ನ ಕಡೆ ತಿರುಗಿದರು. "ಒಳಗೆ ನನ್ ಮಶೀನ್ ಥರ ಓದ್ತಿದ್ದೆ ಅಲ್ವಾ? ಇಲ್ಲೀವರ್ಗೂ ಕೇಳಿಸ್ತು."

"ಹೆಂಗಿತ್ತಣ್ಣಾ?"

"ತುಂಬಾ ಸ್ಲೋ ಕಣೋ," ಎಂದು ವೇಗವನ್ನು ಇನ್ನೊಂದು ಮೆಟ್ಟಿಲು ಏರಿಸಿದರು.