ಎರಡು ಹಿಡಿಕೆಯ ಯಂತ್ರ

ಪುಣೆಯ ಮಾರ್ಕೆಟ್ ಯಾರ್ಡ್ ಹಿಂದಿನ ಕಟ್ಟಿಗೆ ವಖಾರದಲ್ಲಿ ಫಕೀರಪ್ಪ ಹದಿನಾಲ್ಕು ವರ್ಷದಿಂದ ಕೊರಡು ಸೀಳುತ್ತಿದ್ದ. ಹೆಂಡತಿ ಗೌರಾಬಾಯಿ ಸೀಳಿದ್ದನ್ನು ಒಟ್ಟುತ್ತಿದ್ದಳು. ಅಲ್ಲಿನ ಹಳೆಯ ಯಂತ್ರ ಸರಳ: ಒಂದು ಮೋಟಾರು, ಒಂದು ದೊಡ್ಡ ಚಕ್ರ, ನಿಮಿಷಕ್ಕೆ ಇಪ್ಪತ್ತೆರಡು ಸಲ ಮೇಲೆ ಕೆಳಗೆ ಆಡುವ ಕಬ್ಬಿಣದ ಬೆಣೆ. ಯಾರಿಗಾಗಿಯೂ ನಿಲ್ಲದಿರುವುದೇ ಅದರ ದೊಡ್ಡ ಗುಣ. ೧೯೯೬ರಲ್ಲಿ ಫಕೀರಪ್ಪನ ಎಡಗೈಯ ತೋರುಬೆರಳಿಗಾಗಿಯೂ ಅದು ನಿಲ್ಲಲಿಲ್ಲ. ಅಂದಿನಿಂದ ಅವನಿಗೆ ಅದರ ಮೇಲೆ ಗೌರವ ಹೆಚ್ಚಿತು. ಗೌರಾಬಾಯಿ ಮಾತ್ರ ದಿನಾ ಸಂಜೆ ಏನಾದರೊಂದು ನೆವ ತೆಗೆದು ಉಳಿದ ಒಂಬತ್ತು ಬೆರಳನ್ನು ಎಣಿಸಿಕೊಳ್ಳುತ್ತಿದ್ದಳು.

೨೦೦೧ರಲ್ಲಿ ಮಾಲೀಕ ಬಿಂದುಮಾಧವರಾಯರು ಭೋಸರಿಯ ಕಾರ್ಖಾನೆಯಿಂದ ಹೊಸ ಯಂತ್ರವೊಂದನ್ನು ಪರೀಕ್ಷೆಗೆ ತರಿಸಿದರು. ಎಣ್ಣೆಯ ಒತ್ತಡದಿಂದ ಬೆಣೆ ನಿಧಾನವಾಗಿ ಇಳಿಯುತ್ತಿತ್ತು. ಇಳಿದು ಏರಲು ಹನ್ನೊಂದು ಸೆಕೆಂಡು. ಎರಡು ಹಿಡಿಕೆಗಳನ್ನೂ ಎರಡು ಕೈಯಿಂದ ಒತ್ತಿ ಹಿಡಿದರೆ ಮಾತ್ರ ಇಳಿತ. ಒಂದನ್ನು ಬಿಟ್ಟರೂ ಅಲ್ಲೇ ನಿಲ್ಲುತ್ತಿತ್ತು.

"ಇದು ಕಟ್ಟಿಗಿ ಸೀಳತದೋ, ಸಾಲಿ ಹುಡುಗ್ರಿಗೆ ಶಿಸ್ತು ಕಲಸತದೋ?" ಎಂದ ಫಕೀರಪ್ಪ. "ನಾ ಮುಟ್ಟಂಗಿಲ್ಲ."

"ಬೆರಳ ಕೊಟ್ಟು ಕಲತ ವಿದ್ಯಾ, ಹೆಂಗ ಬಿಡತಾರ ಪಾಪ," ಎಂದಳು ಗೌರಾಬಾಯಿ. "ಹೊಸಾದು ನಾ ನಡಸ್ತೀನ್ರಿ ಮಾಲಕ್ರ."

ರಾಯರು ಒಪ್ಪಿದರು. ಸೋಮವಾರ ಎರಡೂ ಒಂದೊಂದು ತಾಸು ನಡೆಯಬೇಕು. ಹೆಚ್ಚು ಸೀಳಿದ್ದು ಉಳಿಯಬೇಕು, ಇನ್ನೊಂದು ಹೋಗಬೇಕು. ಈ ವೈಜ್ಞಾನಿಕ ಪರೀಕ್ಷೆಯಲ್ಲಿ ಬೆರಳುಗಳನ್ನು ಲೆಕ್ಕಕ್ಕೆ ಹಿಡಿಯುವ ಏರ್ಪಾಡು ಇರಲಿಲ್ಲ.

ಸೋಮವಾರ ಗಂಟುಗಂಟಾದ ಜಾಲಿ ಕೊರಡು ಬಂತು. ಹಳೆಯದರ ಬೆಣೆ ಮೂರು ಸಲ ಗಂಟಿಗೆ ಸಿಕ್ಕಿಕೊಂಡಿತು, ಬೆಲ್ಟು ಎರಡು ಸಲ ಹಾರಿತು. ಫಕೀರಪ್ಪ ಸುತ್ತಿಗೆ ಹಿಡಿದು ಅದರ ಸೇವೆ ಮಾಡಿದ. ಹೊಸದು ಗಂಟು ಬಂದಾಗ ಮುಲುಗಿತು, ಆದರೆ ಸೀಳಿತು. ಕೊನೆಗೆ ತಕ್ಕಡಿಯ ಮಾತೇ ಮಾತು: ಹಳೆಯದು ೪೧೨ ಕಿಲೋ, ಹೊಸದು ೩೭೧. ಫಕೀರಪ್ಪ ತಾನೇ ಗೆದ್ದವನಂತೆ ಮೀಸೆ ತೀಡಿದ.

"ಆತಲ್ಲ, ಹಳೇದs ಇರಲಿ," ಎಂದರು ರಾಯರು.

"ಇರಲಿ ಬಿಡ್ರಿ. ಆದ್ರ ಇನ್ನ ಮ್ಯಾಲೆ ನನ್ನ ಗಂಡ ಅದರ ಬುಡಕ್ಕ ಕೈ ಇಡಂಗಿಲ್ಲ," ಎಂದಳು ಗೌರಾಬಾಯಿ. "ಭಾಳ ಛಲೋ ಮಷೀನ್ ಅದ. ಬರ್ರಿ, ಒಂದ ಕೊರಡ ನೀವ ಇಡ್ರಿ."

ಹಮಾಲರೆಲ್ಲ ನೋಡುತ್ತಿದ್ದರು. ರಾಯರು ಅಂಗಿಯ ತೋಳು ಮೇಲಕ್ಕೆ ಮಡಚಿದರು. ಉಂಗುರ ತೆಗೆದು ಜೇಬಿಗೆ ಹಾಕಿದರು. ಬೆರಳು ಹೋದರೂ ಚಿನ್ನ ಉಳಿಯಬೇಕಲ್ಲ. ಕೊರಡು ಹಿಡಿದು ನಿಂತರು. ಬೆಣೆ ಎಂಟು ಸಲ ಬಡಿಯಿತು. ಎಂಟು ಸಲವೂ ಅವರು ಮುಂದೆ ಬಾಗಿ ಹಿಂದೆ ಸರಿದರು. ಒಂಬತ್ತನೆಯದಕ್ಕೆ ಕೊರಡನ್ನು ನೆಲಕ್ಕೆ ಇಟ್ಟರು.

"ಯಾಕೋ ಇವತ್ತ ಸೊಂಟ ಹಿಡದದ."

"ಹಿಡೀತದ್ರಿ. ಅಲ್ಲಿ ನಿಂತ್ರ ಎಲ್ಲಾರಿಗೂ ಹಿಡೀತದ."

ನಲವತ್ತೊಂದು ಕಿಲೋ ಅಂಥ ದೊಡ್ಡ ವ್ಯತ್ಯಾಸವೇನಲ್ಲ ಎಂಬ ಸತ್ಯ ರಾಯರಿಗೆ ಸಂಜೆಯೊಳಗೆ ಹೊಳೆಯಿತು. ಶುಕ್ರವಾರ ಹಳೆಯ ಯಂತ್ರ ಗುಜರಿಗೆ ಹೋಯಿತು. ಹೊಸದನ್ನು ನಡೆಸಲು ಬರುತ್ತಿದ್ದುದು ಗೌರಾಬಾಯಿಗೆ ಮಾತ್ರ. ಹಾಗಾಗಿ ಒಟ್ಟುವ ಕೆಲಸ ಫಕೀರಪ್ಪನಿಗೆ ಬಂತು. ಅವನ ಮೊದಲ ರಾಶಿ ಮಧ್ಯಾಹ್ನದೊಳಗೆ ಕುಸಿಯಿತು.

"ಇದೂ ಒಂದ ಕೆಲಸಾನ?" ಎಂದು ಅವನು ಗೊಣಗಿದ.

"ಹದಿನಾಲ್ಕ ವರ್ಷ ನಾನೂ ಅದನ್ನs ಕೇಳತಿದ್ದೆ," ಎಂದಳು ಅವಳು, ಎರಡೂ ಹಿಡಿಕೆ ಒತ್ತಿಕೊಂಡೇ. "ದೊಡ್ಡವು ಕೆಳಗ ಇಡ್ರಿ. ನಿಧಾನಕ್ಕ ಬರತದ."