ಪಾರವ್ವನ ಪಾಲಿನ ಬಿಸಿಲು

ವಿಜಯನಗರದಲ್ಲಿ ಯಾವ ಹೊತ್ತಿಗೆ ಎಲ್ಲಿ ನೆರಳಿರುತ್ತದೆ ಎಂಬುದು ಖಾನಾವಳಿ ಪಾರವ್ವನಿಗೆ ಗೊತ್ತಿರುವಷ್ಟು ಆ ನೆರಳಿಗೂ ಗೊತ್ತಿರಲಿಕ್ಕಿಲ್ಲ. ಸೊಪ್ಪು ತರಲು ಹೊರಟರೆ ಮೆಟ್ರೊ ಸೇತುವೆಯ ಅಡಿಯಲ್ಲೇ ನಡೆಯುತ್ತಾಳೆ. ರಸ್ತೆ ದಾಟಬೇಕಾದರೆ ಮೋಡ ಬರಲೆಂದು ಕಾಯುತ್ತಾಳೆ. ನಮ್ಮ ತಟ್ಟೆಗೆ ಗಟ್ಟಿ ಮೊಸರು ಸುರಿದು "ಉಣ್ರೀ, ಎಲುಬು ಗಟ್ಟಿ ಆಗ್ತಾವು" ಎನ್ನುವವಳು ತಾನು ಮಾತ್ರ ಹಾಲು ಮೊಸರು ಮುಟ್ಟಳು, ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ. ಕಟ್ಟಡದ ಓನರ್ ಲಕ್ಷ್ಮಿದೇವಮ್ಮ ದಿನಾ ಮಹಡಿಯಿಂದ ಕರೆಯುತ್ತಾರೆ: "ಬಾ ಪಾರವ್ವ, ಎಳೆಬಿಸಿಲಿಗೆ ನಿಂತ್ಕೋ, ವಿಟಮಿನ್ ಡಿ ಫ್ರೀ ಕಣೇ!" "ನನ್ನ ಪಾಲಿಂದೂ ನೀವ ತಗೋರಿ ಅಮ್ಮಾರ" ಎಂದು ಇವಳು ನಗುತ್ತಾಳೆ. ಮೈಬಣ್ಣದ ಚಿಂತೆ ಇರಬೇಕೆಂದುಕೊಂಡಿದ್ದ ನಾನು ಮೊನ್ನೆ ಕೇಳಿಯೇಬಿಟ್ಟೆ. ಅವಳು ಹೇಳಿದ ಕಾರಣ ಬೇರೆಯೇ ಇತ್ತು. ನಮ್ಮ ಮೈ ಬಿಸಿಲಿನಿಂದ ವಿಟಮಿನ್ ಡಿ ಮಾಡಿಕೊಂಡು, ಬೇಕಾದಷ್ಟು ಬಳಸಿ, ಉಳಿದದ್ದನ್ನು ಒಡೆದು ಹೊರಹಾಕುತ್ತದೆ. ಹಾಗೆ ಒಡೆಯುವ ಶಕ್ತಿ ಪಾರವ್ವನಿಗೆ ಹುಟ್ಟಿನಿಂದಲೇ ಇಲ್ಲ. ರಕ್ತದಲ್ಲೇ ಬಂದ, ತೀರಾ ಅಪರೂಪದ ದೋಷವಂತೆ. ಮೈಮೇಲೆ ಬಿದ್ದ ಬಿಸಿಲೆಲ್ಲ ಒಳಗೇ ಉಳಿದು, ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆದೆಳೆದು ತಂದು, ಕಿಡ್ನಿಯಲ್ಲಿ ಕಲ್ಲಾಗಿ ಕೂರುತ್ತದಂತೆ. ಇನ್ನೊಂದು ಬೇಸಿಗೆಯ ಬಿಸಿಲನ್ನು ಕಿಡ್ನಿ ತಡೆಯದು ಎಂದು ಡಾಕ್ಟರು ಹಿಂದೆಯೇ ಹೇಳಿದ್ದರಂತೆ. ಇಷ್ಟು ಹೇಳಿ ಪಾರವ್ವ ಸೊಂಟದ ಸಂಚಿಯಿಂದ ಕುಂಕುಮದ ಡಬ್ಬಿ ತೆಗೆದು, ಜೋಳದ ಕಾಳಿನಷ್ಟು ದೊಡ್ಡ ಕಲ್ಲೊಂದನ್ನು ನನ್ನ ಅಂಗೈಗೆ ಹಾಕಿದಳು. "ಹ್ವಾದ ಬ್ಯಾಸಿಗ್ಯಾಗ ಮಗಳ ಮದುವಿ ಕಾರ್ಡ್ ಹಂಚಾಕ ಮನಿ ಮನಿ ಅಡ್ಡಾಡಿದ್ನೆಲ್ರೀ," ಎಂದಳು, "ಆ ಎಂಟು ದಿನದ ಬಿಸಿಲು ನೋಡ್ರಿ ಇದು."